ನಮ್ಮ ಮನಿ ಮೆಟ್ರೋ

ಮೊನ್ನೆ ಪೇಪರಿನಲ್ಲಿ ಮತ್ತೆ ಬಂತು. ಕಲಬುರಗಿಗೆ ತನ್ನದೇ ರೈಲ್ವೆ ವಿಭಾಗ, ಅಂದರೆ ಈ ಕಡೆಯ ಸ್ಟೇಷನ್ನುಗಳನ್ನು ನಡೆಸುವ ಕಚೇರಿ, ಬೇಕೆಂದು ಒತ್ತಾಯ, ಮನವಿ ಪತ್ರ ಸಲ್ಲಿಕೆ. ಕೊಡುವವರು ಈ ಕಡೆ, ತಗೊಳ್ಳುವವರು ಆ ಕಡೆ, ನಡುವೆ ಒಂದು ಹಾಳೆ, ಎಲ್ಲರ ಮುಖವೂ ಕ್ಯಾಮೆರಾ ಕಡೆ. ಈ ಫೋಟೋ ಎಷ್ಟು ವರ್ಷದಿಂದ ನೋಡುತ್ತಿದ್ದೇನೆಂದರೆ, ಹಿಂದಿನ ಸಾಲಿನಲ್ಲಿ ಕಪ್ಪು ಮೀಸೆ ಬಿಟ್ಟು ಇಣುಕುತ್ತಿದ್ದವರು ಈಗ ಬಿಳಿ ಮೀಸೆಯಾಗಿ ಮುಂದಿನ ಸಾಲಿಗೆ ಬಂದಿದ್ದಾರೆ. ವಿಭಾಗ ಬರದಿದ್ದರೇನು, ಅವರಿಗಾದರೂ ಬಡ್ತಿ ಸಿಕ್ಕಿತು.

ನಾನು ಸುದ್ದಿ ಪೂರಾ ಓದುವುದರೊಳಗೆ ಅಳಿಯ, ಅಂದರೆ ತಂಗಿಯ ಮಗ, ಪೇಪರ್ ಕಸಿದುಕೊಂಡು ಚೂರುಚೂರು ಹರಿದ. ಮೈದಾ ಅಂಟಿನಲ್ಲಿ ಅದ್ದಿ, ತಂತಿಯ ಜಾಳಿಗೆ ಮೇಲೆ ಬಳಿದು ಸುರಂಗ ಮಾಡಿದ. ಯಾವ ಸುರಂಗ? ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಮೆಟ್ರೋ ಸುರಂಗ. ಅದರಲ್ಲಿ ವಿಧಾನಸೌಧ ನಿಲ್ದಾಣವೂ ಬರುತ್ತದೆ. ನಮ್ಮ ಮನವಿ ಕಡೆಗೂ ವಿಧಾನಸೌಧದ ಬುಡಕ್ಕೆ ಹೋಗಿ ಸೇರಿದ್ದು ಹೀಗೆ.

ಹುಡುಗ ಬೆಂಗಳೂರಿನ ಕಂಪನಿಯವನು, ಮನೆಯಿಂದಲೇ ಕೆಲಸ. ಸಂಜೆಯಾದರೆ ಮಾಳಿಗೆ ಮೇಲಿನ ಪತ್ರಾಸಿನ ಕೋಣೆಯಲ್ಲಿ ನಮ್ಮ ಮೆಟ್ರೋದ ನೇರಳೆ ಮಾರ್ಗದ ಮಾದರಿ ಕಟ್ಟುತ್ತಾನೆ. ಎಂಬತ್ತೇಳಕ್ಕೆ ಒಂದರ ಅಳತೆ. ಅದಕ್ಕೆ ಎಚ್‌ಓ ಅಂತಾರಂತೆ.

"ನಮ್ಮ ಊರ ಸ್ಟೇಷನ್ನೇ ಮಾಡಬಾರದೇನಪಾ? ಉದ್ಯಾನ್ ಓಡಸು, ಬಸವ ಎಕ್ಸ್‌ಪ್ರೆಸ್ ಓಡಸು," ಅಂದೆ.

"ಕೂಡಂಗಿಲ್ಲ ಮಾಮಾ. ನಮ್ಮ ಬ್ರಾಡ್‌ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, 1676 ಮಿಲಿಮೀಟರ್. 87ಲೇ ಭಾಗಿಸಿದ್ರ 19ರ ಮ್ಯಾಲ ಬರ್ತದ. ಅಂಗಡ್ಯಾಗ ಸಿಗೋ ಹಳಿ 16.5. ಮೆಟ್ರೋದ್ದು 1435. ಭಾಗಿಸಿ ನೋಡು, ಬರೋಬ್ಬರಿ 16.5."

ಭಾಗಿಸಿ ನೋಡಿದೆ. ಬರೋಬ್ಬರಿ. ಆಟಿಕೆ ರೈಲಿನ ಲೆಕ್ಕದಲ್ಲೂ ಅಳತೆ ಕೂಡುವುದು ಬೆಂಗಳೂರಿಗೇ.

ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ 43.49 ಕಿಲೋಮೀಟರ್, 37 ನಿಲ್ದಾಣ. ಎಂಬತ್ತೇಳನೇ ಒಂದು ಪಾಲು ಮಾಡಿದರೂ ಅರ್ಧ ಕಿಲೋಮೀಟರ್ ಹಳಿ ಬೇಕು. ನಮ್ಮ ಕೋಣೆ ಹನ್ನೆರಡು ಅಡಿ. ಹಾಗಾಗಿ ಮೂವತ್ತೇಳರಲ್ಲಿ ಆರು ನಿಲ್ದಾಣ ಉಳಿದವು, ಮೂವತ್ತೊಂದು ಅನುದಾನದ ಕೊರತೆಯಿಂದ ರದ್ದಾದವು. ಪ್ಲಾಟ್‌ಫಾರ್ಮಿಗೆ ಶಹಾಬಾದ ಪರಸಿಯ ಚೂರು. ಎಂ.ಜಿ. ರಸ್ತೆಯ ಮರಗಳಿಗೆ ಹೊಲದಿಂದ ತಂದ ತೊಗರಿ ಕಟ್ಟಿಗೆ. ತುದಿಯ ಸಣ್ಣ ಕವಲು ಮುರಿದು, ಫೆವಿಕಾಲ್ ಹಚ್ಚಿ, ಹಸಿರು ಬಣ್ಣ ಕಲಸಿದ ಕಟ್ಟಿಗೆ ಪುಡಿಯಲ್ಲಿ ಹೊರಳಿಸಿದರೆ ಥೇಟ್ ಮಳೆಮರ. ಮೆಟ್ರೋ ಸಲುವಾಗಿ ಅಲ್ಲಿ ಕಡಿದ ಮರಗಳಿಗೆ ಇಲ್ಲಿ ನಾವು ತೊಗರಿ ನೆಟ್ಟೆವು. ಪರಿಹಾರ ಅಂತ ತಿಳಿಯಿರಿ.

ಮೇ ತಿಂಗಳ 44 ಡಿಗ್ರಿಗೆ ಪತ್ರಾಸ್ ಕಾದು ಅಂಟು ಸಡಿಲಾಯಿತು. ಟ್ರಿನಿಟಿ ನಿಲ್ದಾಣದ ಹತ್ತಿರದ ಕಂಬ ವಾಲಿತು. ನಾನು ಗಾಬರಿಯಾದೆ, ಅವನಿಗೆ ಖುಷಿ. "ಬಿಡು ಮಾಮಾ, 2018ರಾಗ ಖರೇ ಟ್ರಿನಿಟ್ಯಾಗೂ ಕಂಬದ ಮ್ಯಾಲಿನ ತೊಲಿ ಕೆಟ್ಟಿತ್ತು. ಹೋಲಿಕಿ ಜಬರ್ದಸ್ತ್ ಬಂದದ."

ಇಷ್ಟಾದರೂ ಮಾದರಿ ಎಂಬ ಶಬ್ದದ ಮೇಲೆ ನನಗೆ ಮೊದಲಿಂದ ಸಿಟ್ಟಿದೆ. ನಮ್ಮ ಭಾಗದಲ್ಲಿ ಯಾವುದಕ್ಕೆ ಆ ಹೆಸರು ಇಟ್ಟರೂ ಅದು ಒಂದೇ ಒಂದು ಇರುತ್ತದೆ, ಮತ್ತು ಅದಕ್ಕೆ ಬೀಗ ಹಾಕಿರುತ್ತದೆ. ಮಾದರಿ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ನೋಡಿ. ಮಾದರಿ ರಸ್ತೆ ಸರ್ಕಲ್ಲಿನಿಂದ ಶುರುವಾಗಿ ಸಾಹೇಬರ ಮನೆ ಗೇಟಿಗೆ ಮುಗಿಯುತ್ತದೆ. ಚುನಾವಣೆ ಬಂದಾಗ ಮಾದರಿ ನೀತಿ ಸಂಹಿತೆ ಬರುತ್ತದೆ. ಅಸಲಿ ನೀತಿ ಬೇರೆಲ್ಲೋ ಭದ್ರವಾಗಿದೆ, ಇದು ತೋರಿಸಲಿಕ್ಕೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸಂಹಿತೆಗೆ ಮುಂಚೆ ಅಡಿಗಲ್ಲು ಬರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮಾಳಿಗೆ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಒಂದು ಗೇಣು ಹಳಿ ಇಲ್ಲ. ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಧಾಮ್‌ಧೂಮ್ ಉದ್ಘಾಟನೆ ಆಯಿತಲ್ಲ, ಆಗ ನಡುವಿನ 2.1 ಕಿಲೋಮೀಟರ್ ಇರಲೇ ಇಲ್ಲ. ಜನ ಒಂದು ಮೆಟ್ರೋ ಇಳಿದು, ಬಸ್ ಹತ್ತಿ, ಮತ್ತೊಂದು ಮೆಟ್ರೋ ಹತ್ತುತ್ತಿದ್ದರು. ನಡುವಿಲ್ಲದ ರೈಲಿಗೆ ರಿಬ್ಬನ್ ಕತ್ತರಿಸಬೇಕೆಂದರೆ ಗುಂಡಿಗೆ ಬೇಕು. ಪಕ್ಕದ ಮನೆಯ ಹುಡುಗ ನಮ್ಮ ಫೀಡರ್ ಬಸ್. ರೈಲು ಗೇಣಿನ ಅಂಚಿಗೆ ಬಂದ ಕೂಡಲೇ ಎತ್ತಿ ಆಚೆ ಹಳಿಗೆ ಇಡುತ್ತಾನೆ. ಪಗಾರ ಒಂದು ಮಿರ್ಚಿ ಭಜಿ.

ಆ ಗೇಣು ಅಲ್ಲಿ ಅಕ್ಟೋಬರ್ 9ಕ್ಕೆ ಕೂಡಿತು. ಆರೂವರೆ ತಿಂಗಳು. ಅಷ್ಟಕ್ಕೇ ಬೆಂಗಳೂರಿನವರು ಮನೆಗೆ ಬೆಂಕಿ ಬಿದ್ದವರ ಹಾಗೆ ಬಾಯಿ ಬಡಿದುಕೊಂಡರು. ಅವರನ್ನು ಒಂದು ವಾರದ ಮಟ್ಟಿಗೆ ಕಲಬುರಗಿಗೆ ತರಬೇತಿಗೆ ಕಳಿಸಬೇಕು. ಬೀದರ್–ಕಲಬುರಗಿ ಮಾರ್ಗ 110 ಕಿಲೋಮೀಟರ್. ಮಂಜೂರಾದದ್ದು 1997–98ರಲ್ಲಿ, ಪೂರಾ ಆಗಿ ರೈಲು ಓಡಿದ್ದು 2017ರ ಅಕ್ಟೋಬರ್ 29ಕ್ಕೆ. ಇಪ್ಪತ್ತು ವರ್ಷ ಹಿಡಿದರೆ ದಿನಕ್ಕೆ ಹದಿನೈದು ಮೀಟರ್. ಮೇಯಲು ಬಿಟ್ಟ ಎಮ್ಮೆ ಇದಕ್ಕಿಂತ ಮುಂದೆ ಹೋಗುತ್ತದೆ. ಅಳಿಯನ ಅಳತೆಗೆ ಇಳಿಸಿದರೆ ದಿನಕ್ಕೆ 17 ಸೆಂಟಿಮೀಟರ್, ಒಂದು ಗೇಣೂ ತುಂಬುವುದಿಲ್ಲ. ಇನ್ನು ಕಾಲವನ್ನೂ 87ರಿಂದ ಭಾಗಿಸಿ ಎಂದೆ. ಇಪ್ಪತ್ತು ವರ್ಷ 84 ದಿನಕ್ಕೆ ಇಳಿಯಿತು. ಈ ಗುಣಿತ ಗೊತ್ತಿದ್ದರೆ ನಮ್ಮ ಯಾವ ಕಾಮಗಾರಿಯೂ ತಡವಾಗಿಲ್ಲ.

ಅಡಿಗಲ್ಲಿನ ವಿಷಯ. ಗುಲಬರ್ಗಾಕ್ಕೆ ರೈಲ್ವೆ ವಿಭಾಗ ಕೊಡಿ ಎಂದು, ರೈಲ್ವೆ ಸುಧಾರಣೆಗೆ ನೇಮಿಸಿದ್ದ ಸರಿನ್ ಸಮಿತಿ ಹೇಳಿದ್ದು 1984ರಲ್ಲಿ. ಆಗ ಹುಟ್ಟಿದ ಮಕ್ಕಳ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿವೆ. 2014ರಲ್ಲಿ, ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಮಂತ್ರಿಯಾಗಿದ್ದಾಗ, ಲೋಕಸಭೆ ಚುನಾವಣೆಗೆ ಮುಂಚೆ ಅಡಿಗಲ್ಲು ಬಿತ್ತು. ಕಲಬುರಗಿ ಮೊದಲೇ ಕಲ್ಲಿನ ಊರು. ಕೋಟೆಯೂ ಕಲ್ಲು, ನೆಲಹಾಸೂ ಕಲ್ಲು, ಹೆಸರಲ್ಲೂ ಕಲ್ಲು. ಅಂಥ ಊರಿಗೆ ಬಂದು ಇನ್ನೊಂದು ಕಲ್ಲು ಹಾಕಿ ಹೋದರು. ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು, ಮಂತ್ರಿಗಳು ಬಂದರು, ಹೋದರು. ಕಲ್ಲು ಹಾಕಿದವರು ಎತ್ತದವರ ಕಡೆ, ಎತ್ತದವರು ಹಾಕಿದವರ ಕಡೆ ಬೆರಳು ತೋರಿಸುತ್ತ ಕೂತರು. 2025ರ ಜನವರಿಯಲ್ಲಿ ಜಮ್ಮುವಿಗೆ ವಿಭಾಗ ಸಿಕ್ಕಿತು. ಸಿಗಲಿ, ಹೊಟ್ಟೆಕಿಚ್ಚಿಲ್ಲ. ಸುಳ್ಳು, ಇದೆ.

ಸದ್ಯದ ವ್ಯವಸ್ಥೆಯ ಸೊಬಗು ನೋಡಿ. ಕಲಬುರಗಿ ಸ್ಟೇಷನ್ನಿನ ಒಡೆಯರು ಸೊಲ್ಲಾಪುರದಲ್ಲಿ. ಯಾದಗಿರಿಯವರ ಒಡೆಯರು ಗುಂತಕಲ್ಲಿನಲ್ಲಿ. ಬೀದರಿನವರ ಒಡೆಯರು ಸಿಕಂದರಾಬಾದಿನಲ್ಲಿ. ಒಂದು ಮಹಾರಾಷ್ಟ್ರ, ಒಂದು ಆಂಧ್ರ, ಒಂದು ತೆಲಂಗಾಣ. ಮೂರು ಜಿಲ್ಲೆ, ಮೂರು ರಾಜ್ಯ, ಕರ್ನಾಟಕ ಒಂದೂ ಇಲ್ಲ. ಪ್ಲಾಟ್‌ಫಾರ್ಮಿನ ಫ್ಯಾನ್ ತಿರುಗದಿದ್ದರೆ ಅರ್ಜಿ ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಚರ್ಚೆಯಲ್ಲೇ ಬೇಸಿಗೆ ಮುಗಿಯುತ್ತದೆ. ನಿಜಾಮನ ಕಾಲದಲ್ಲಿ ಕನಿಷ್ಠ ಮೂರೂ ಊರಿನ ಆಡಳಿತಕ್ಕೆ ಸೇರಿ ಹೈದರಾಬಾದ್ ಒಂದೇ ಇತ್ತು.

ನಗೆ ಇಲ್ಲಿಗೆ ಸಾಕು. ಜೇವರ್ಗಿ, ಚಿಂಚೋಳಿ, ಶಹಾಪುರದ ಕಡೆಯ ಜನ ಬೆಂಗಳೂರಿಗೆ ದುಡಿಯಲು ಹೋಗುವುದು ಜನರಲ್ ಡಬ್ಬಿಯಲ್ಲಿ, ಸಂಡಾಸಿನ ಬಾಗಿಲಿಗೆ ಬೆನ್ನು ಕೊಟ್ಟು, ಮಡಿಲಲ್ಲಿ ಕೂಸು, ಕಾಲ ಕೆಳಗೆ ರೊಟ್ಟಿ ಗಂಟು. ಅಲ್ಲಿ ಎತ್ತರದ ಕಟ್ಟಡ, ಸೇತುವೆ, ಕಂಬ ಏಳುವ ಕಡೆಯೆಲ್ಲ ಬುಟ್ಟಿ ಹೊರುವವರು ಇವರೇ. ಕಟ್ಟಿ ಮುಗಿಸಿ, ತಗಡಿನ ಶೆಡ್ಡು ಕಿತ್ತು, ದೀಪಾವಳಿಗೆ ಅದೇ ಡಬ್ಬಿಯಲ್ಲಿ ನಿಂತುಕೊಂಡೇ ವಾಪಸು. ಇವರಿಗೆ ಇನ್ನೆರಡು ಬೋಗಿ ಜೋಡಿಸಿ ಎಂದರೆ ಅದಕ್ಕೂ ಒಂದು ಮನವಿ, ಒಂದು ಫೋಟೋ. ನಾಚಿಕೆ ಅನ್ನುವುದು ಯಾವ ವಿಭಾಗದ ವ್ಯಾಪ್ತಿಗೆ ಬರುತ್ತದೆ?

ಇರಲಿ. ನಿನ್ನೆ ನಮ್ಮ ಮೆಟ್ರೋದ ಉದ್ಘಾಟನೆ. ಎಂಬತ್ತರ ಅವ್ವನನ್ನು ಮಾಳಿಗೆ ಹತ್ತಿಸಿ ಕುರ್ಚಿ ಹಾಕಿ ಕೂರಿಸಿದೆವು. ಒಂದು ತೊಡಕು ಹೇಳುವುದು ಮರೆತೆ: ಕೋಣೆಯ ಪ್ಲಗ್ಗು ಸುಟ್ಟು ಹೋಗಿರುವುದರಿಂದ ರೈಲು ನಡೆಸುವ ಡಬ್ಬಿಯನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇವೆ. ಗಾಡಿ ಇಲ್ಲಿ, ಸ್ವಿಚ್ಚು ಅಲ್ಲಿ. ಆ ಬಾಗಿಲ ಮೇಲೆ ನಾನೇ ಸೀಮೆಸುಣ್ಣದಲ್ಲಿ ಸೊಲ್ಲಾಪುರ ಎಂದು ಬರೆದಿದ್ದೇನೆ.

ರೈಲು ಮೆಜೆಸ್ಟಿಕ್ ಬಿಟ್ಟಿತು. ವಿಧಾನಸೌಧದ ಕೆಳಗಿನ ಪೇಪರ್ ಸುರಂಗದಲ್ಲಿ ಮಾಯವಾಗಿ ಎಂ.ಜಿ. ರಸ್ತೆಯಲ್ಲಿ ಹೊರಬಿತ್ತು. ಅವ್ವ ಕೈ ಮುಗಿದಳು. ತೊಗರಿ ಮರ ದಾಟಿ ಬೈಯಪ್ಪನಹಳ್ಳಿಗೆ ಬಂತು. ಆಗ ನೆನಪಾಯಿತು, ಫೀಡರ್ ಬಸ್ಸು ಟ್ಯೂಷನ್ನಿಗೆ ಹೋಗಿದೆ.

"ಏ ಸೊಲ್ಲಾಪುರ! ನಿಂದ್ರಸೋ!"

ಉತ್ತರವಿಲ್ಲ. ಆರು ಬೋಗಿ ಒಂದರ ಹಿಂದೆ ಒಂದು ಗೇಣಿನೊಳಗೆ ಇಳಿದು, ಕೆಳಗಿದ್ದ ಬಕೀಟಿಗೆ ಬಿದ್ದವು.

"ಇದನ್ನ ನೋಡ್ಲಿಕ್ಕ ನನ್ನ ಮಾಳಿಗಿ ಹತ್ತಿಸಿದ್ಯೇನೋ?" ಅಂದಳು ಅವ್ವ.

ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಕೋಣೆಯಿಂದ ದನಿ ಬಂತು: "ಮೀಟಿಂಗ್‌ನ್ಯಾಗ ಅದೀನಿ ಮಾಮಾ, ಏನಿದ್ರೂ ಬರ್ದು ಕಳಸು."