ಒಂಬತ್ತು ಮನೆ, ಒಂದು ಟ್ರೆಂಡ್

ಸಣ್ಣ ನಗರದ ವಸತಿ ಮಾರುಕಟ್ಟೆಯ ಮಾಸಿಕ ವರದಿ ಮತ್ತೆ ಬಂದಿದೆ. ನೀವೂ ನೋಡಿರುತ್ತೀರಿ. ಹಸಿರು ಬಾಣ ಮೇಲಕ್ಕೆ, ಕೆಂಪು ಬಾಣ ಕೆಳಕ್ಕೆ, ಮೂಲೆಯಲ್ಲಿ ಬೀಗದ ಕೈ ಹಿಡಿದು ನಗುವ ಗಂಡ ಹೆಂಡತಿ. ಪ್ರತಿ ತಿಂಗಳೂ ಅದೇ ಜೋಡಿ, ಅದೇ ಬೀಗದ ಕೈ. ಪಾಪ, ಇನ್ನೂ ಬಾಗಿಲು ತೆಗೆದಂತಿಲ್ಲ.

ಇಂಥ ವರದಿ ಬರೆಯುವವರ ಧೈರ್ಯವನ್ನು ಮೆಚ್ಚಲೇಬೇಕು. ತಿಂಗಳಿಗೆ ಬೆರಳೆಣಿಕೆಯಷ್ಟು ಮನೆ ಮಾರಾಟವಾಗುವ ಊರಲ್ಲಿ ಅವರು ‘ಟ್ರೆಂಡ್’ ಹುಡುಕುತ್ತಾರೆ. ಒಂದು ತಿಂಗಳು ಒಂಬತ್ತು ಮನೆ ಮಾರಾಟವಾಯಿತು ಅಂತಿಟ್ಟುಕೊಳ್ಳಿ. ಎಂಟು ಮನೆಗೆ ತಲಾ 100, ಯಾರದೋ ದೊಡ್ಡ ಬಂಗಲೆಗೆ 1000. ಸರಾಸರಿ 200. ಬಂಗಲೆ ಮಾರಾಟವಾಗದ ತಿಂಗಳಲ್ಲಿ ಅದೇ ಸರಾಸರಿ 100 ಇತ್ತು. ತಲೆಬರಹ ರೆಡಿ: ‘ಮನೆ ಬೆಲೆ ದುಪ್ಪಟ್ಟು!’ ಮುಂದಿನ ತಿಂಗಳು ಬಂಗಲೆ ಇಲ್ಲ. ‘ಮನೆ ಬೆಲೆ ಅರ್ಧಕ್ಕೆ ಕುಸಿತ!’ ಈ ಎರಡು ತಿಂಗಳಲ್ಲಿ ಊರಿನ ಒಂದೇ ಒಂದು ಗೋಡೆಯ ಬೆಲೆಯೂ ಅಲುಗಾಡಿಲ್ಲ. ಬಂಗಲೆಯವರು ಮನೆ ಖಾಲಿ ಮಾಡಿದರು, ಅಷ್ಟೇ.

ಸರಾಸರಿ ಬೇಡ, ಮೀಡಿಯನ್ ನೋಡಿ ಎನ್ನುವ ಬುದ್ಧಿವಂತರಿದ್ದಾರೆ. ಬೆಲೆಗಳನ್ನು ಸಾಲಾಗಿ ನಿಲ್ಲಿಸಿ ನಡುವಿನದ್ದನ್ನು ಹಿಡಿಯುವ ಲೆಕ್ಕ. ಒಂಬತ್ತರಲ್ಲಿ ಐದನೆಯದು. ಒಳ್ಳೆಯದೇ, ಬಂಗಲೆಯ ಆಟ ಅಲ್ಲಿ ನಡೆಯುವುದಿಲ್ಲ. ಆದರೆ ಒಂದು ತಿಂಗಳು ಬರೀ ಚಿಕ್ಕ ಮನೆಗಳೇ ಮಾರಾಟವಾದರೆ ಮೀಡಿಯನ್ನೂ ಕೆಳಗೆ ಜಾರುತ್ತದೆ, ಯಾವ ಮನೆಯ ಬೆಲೆಯೂ ಇಳಿಯದೆ. ಇದು ಹೊಸ ಸಮಸ್ಯೆ ಏನಲ್ಲ. ಒಂದೇ ಮನೆ ಎರಡು ಸಲ ಮಾರಾಟವಾದಾಗ ಆ ಎರಡು ಬೆಲೆಯನ್ನು ಹೋಲಿಸಿ ಎಂದು 1963ರಲ್ಲೇ ಬೈಲಿ, ಮೂತ್, ನೂರ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬರೆದಿದ್ದರು. ಅಮೆರಿಕದ ಮನೆ ಬೆಲೆ ಅಳೆಯುವ ಕೇಸ್-ಶಿಲ್ಲರ್ ಸೂಚ್ಯಂಕ ನಿಂತಿರುವುದು ಅದೇ ದಾರಿಯ ಮೇಲೆ. ಅದರ ಶಿಲ್ಲರ್‌ಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಸೂಚ್ಯಂಕದ ಒಂದು ಲೆಕ್ಕ 20 ದೊಡ್ಡ ನಗರಗಳದ್ದು. ಆದರೂ ಒಂದು ತಿಂಗಳ ಅಂಕಿಯನ್ನು ನಂಬದೆ ಮೂರು ತಿಂಗಳನ್ನು ಸೇರಿಸಿ ಸರಾಸರಿ ತೆಗೆಯುತ್ತಾರೆ. ನಮ್ಮ ವರದಿಗಾರರಿಗೆ ಒಂಬತ್ತು ಮನೆ, ಒಂದು ತಿಂಗಳು ಸಾಕು. ನೊಬೆಲ್ ಸಮಿತಿ ಗಮನಿಸಬೇಕು.

ಇನ್ನು ಆ ಭಾಷೆ! ಮಾರುಕಟ್ಟೆ ‘ಬಿಸಿಯಾಗಿದೆ’, ಆಮೇಲೆ ‘ತಣ್ಣಗಾಗುತ್ತಿದೆ’, ನಡುವೆ ‘ಉಸಿರು ತೆಗೆದುಕೊಳ್ಳುತ್ತಿದೆ’, ಕೊನೆಗೆ ‘ಚೇತರಿಕೆಯ ಲಕ್ಷಣ ಕಾಣುತ್ತಿದೆ’. ಓದುತ್ತಾ ಹೋದರೆ ಬೆಲೆ ಕೇಳುವ ಬದಲು ಜ್ವರ ಎಷ್ಟಿದೆ ಎಂದು ಕೇಳಬೇಕು ಅನ್ನಿಸುತ್ತದೆ. ವಿಚಿತ್ರ ಏನೆಂದರೆ ರೋಗಿ ಹೇಗೇ ಇರಲಿ, ಡಾಕ್ಟರ್ ಬರೆಯುವ ಮದ್ದು ಒಂದೇ. ಬೆಲೆ ಏರಿದೆಯಾ? ಇನ್ನೂ ಏರುವ ಮುಂಚೆ ಕೊಳ್ಳಿ. ಇಳಿದಿದೆಯಾ? ಅಗ್ಗ ಸಿಕ್ಕಾಗ ಕೊಳ್ಳಿ. ಸುಮ್ನೆ ನಿಂತಿದೆಯಾ? ಸ್ಥಿರವಾಗಿದೆ, ಧೈರ್ಯವಾಗಿ ಕೊಳ್ಳಿ. ಗಾಳಿ ಬಂದಾಗ ತೂರಿಕೋ ಎನ್ನುವುದು ಹಳೇ ಮಾತು. ಇವರಿಗೆ ಗಾಳಿಯೂ ಬೇಕಿಲ್ಲ.

‘ಸ್ಟಾಕ್’ ಎಂಬ ಇನ್ನೊಂದು ಚಮತ್ಕಾರವಿದೆ. ಮಾರಾಟಕ್ಕಿರುವ ಮನೆಗಳನ್ನು ತಿಂಗಳ ಮಾರಾಟದಿಂದ ಭಾಗಿಸುತ್ತಾರೆ. 18 ಮನೆ ಇವೆ, ತಿಂಗಳಿಗೆ 9 ಹೋಗುತ್ತವೆ. ಎರಡು ತಿಂಗಳ ಸ್ಟಾಕ್. ಕೊಳ್ಳುವವನು ಓಡಬೇಕು! ಮುಂದಿನ ತಿಂಗಳು ಕಾಗದಪತ್ರ ತಡವಾಗಿ ಆರು ಮನೆಗಳ ನೋಂದಣಿ ಎರಡು ದಿನ ಮುಂದಕ್ಕೆ ಹೋಯಿತು ಅನ್ನಿ. ಹೋದದ್ದು ಮೂರೇ. ಈಗ ಆರು ತಿಂಗಳ ಸ್ಟಾಕ್. ಸುಮಾರು ಆರು ತಿಂಗಳಿದ್ದರೆ ಕೊಳ್ಳುವವರಿಗೂ ಮಾರುವವರಿಗೂ ‘ಸಮತೋಲನ’ ಎನ್ನುವುದು ಈ ವ್ಯಾಪಾರದ ವಾಡಿಕೆ. ಒಬ್ಬ ಗುಮಾಸ್ತ ಎರಡು ದಿನ ರಜೆ ಹಾಕಿ ಇಡೀ ಊರಿಗೆ ಸಮತೋಲನ ತಂದುಕೊಟ್ಟ.

‘ಎಷ್ಟು ದಿನದಲ್ಲಿ ಮಾರಾಟವಾಯಿತು’ ಎಂಬ ಕಾಲಮ್ಮೂ ಇದೆ. ಯಾರೂ ಕೊಳ್ಳದ ಮನೆಯ ಜಾಹೀರಾತನ್ನು ತೆಗೆದು, ಸ್ವಲ್ಪ ದಿನ ಬಿಟ್ಟು ಹೊಸದಾಗಿ ಹಾಕುತ್ತಾರೆ. ಬಹಳ ಕಡೆ ದಿನದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹೊಸ ಫೋಟೊ, ಅದೇ ಸೋರುವ ಚಾವಣಿ. ‘ಹತ್ತೇ ದಿನದಲ್ಲಿ ಮಾರಾಟ!’ ಹೌದು, ಹನ್ನೊಂದು ತಿಂಗಳ ಮೇಲೆ ಹತ್ತು ದಿನ.

ನಗಬಹುದು. ನಾನೂ ನಗುತ್ತಿದ್ದೆ. ಆಮೇಲೆ ಮನೆ ಮಾಲೀಕರು ಬಂದರು. ಫೋನ್ ಮುಂದೆ ಹಿಡಿದರು. ಹಸಿರು ಬಾಣ. “ಊರಲ್ಲಿ ರೇಟು ಎಷ್ಟಾಗಿದೆ ನೋಡಿದ್ರಾ? ಬಾಡಿಗೆ ಸ್ವಲ್ಪ ಜಾಸ್ತಿ ಮಾಡಬೇಕಾಗುತ್ತೆ.” ಇದು ಮಾರಾಟದ ವರದಿ, ಬಾಡಿಗೆಯದ್ದಲ್ಲ ಎಂದೆ. “ಎಲ್ಲಾ ಒಂದೇ ಅಲ್ವಾ?” ಎಂದರು. ಸರಾಸರಿ, ಮೀಡಿಯನ್ ಎಂದು ಶುರು ಮಾಡಿದೆ. ಅವರು ಕೈಗಡಿಯಾರ ನೋಡಿಕೊಂಡರು. ಕೆಂಪು ಬಾಣದ ತಿಂಗಳಲ್ಲಿ ಮಾತ್ರ ಅವರು ಈ ಕಡೆ ಬಂದದ್ದೇ ಇಲ್ಲ. ಅವತ್ತು ನೆಟ್‌ವರ್ಕ್ ಇರಲಿಲ್ಲವೇನೋ.

ನನಗೆ ತಮಾಷೆ ಸಾಕಾಗಿದೆ. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಮುಂಗಡಕ್ಕೆ ಕೂಡಿಡುತ್ತಿರುವವರು ಈ ವರದಿಯನ್ನು ನಿಜ ಎಂದುಕೊಂಡೇ ಓದುತ್ತಾರೆ. ಹೆದರಿ, ಕೈಲಾಗದ ಸಾಲ ಮಾಡಿ ಕೊಳ್ಳುತ್ತಾರೆ. ಕಂತು ಇಪ್ಪತ್ತು ವರ್ಷ ನಡೆಯುತ್ತದೆ. ಒಂಬತ್ತು ಮನೆಗಳಿಂದ ಏನೂ ಹೇಳಲಾಗದು ಎಂದು ಒಂದು ಸಾಲು ಬರೆದರೆ ವರದಿ ಬರೆಯುವವರ ಗಂಟೇನು ಹೋಗುತ್ತಿತ್ತು?

ಬಾಡಿಗೆ ಒಂದನೇ ತಾರೀಖಿನಿಂದ ಜಾಸ್ತಿಯಾಗಿದೆ.