ಕಾರ್ಖಾನೆಯ ನಿಯಂತ್ರಣ ಜಾಲದ ನಿಗಾಕ್ಕೆ ಆಲಿಸುವುದಷ್ಟೇ ಸಾಕೇ?

ಪರ

ಸಾಕು. ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳ, ಅಂದರೆ ದತ್ತಾಂಶದ ತುಣುಕುಗಳ, ಪ್ರತಿ ತೆಗೆದು ಓದೋಣ. ಸಾಧನಗಳನ್ನು ಮಾತನಾಡಿಸುವುದು ಬೇಡ. ಕಚೇರಿಯ ಕಂಪ್ಯೂಟರ್ ತಡವರಿಸಿದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕ ಕಂಪ್ಯೂಟರ್ ತಡವರಿಸಿದರೆ ಮನುಷ್ಯರ ಜೀವಕ್ಕೇ ಕುತ್ತು ಬರಬಹುದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಪ್ರಕಟಿಸಿದ 800-82 ಮಾರ್ಗದರ್ಶಿಯಲ್ಲಿ ಎರಡು ಪ್ರಸಂಗಗಳಿವೆ. ಜಾಲದ ವಿಳಾಸಗಳಿಗೆಲ್ಲ ಪಿಂಗ್ (ಸಾಧನ ಇದೆಯೇ ಎಂದು ಕೇಳುವ ಪುಟ್ಟ ಸಂದೇಶ) ಕಳುಹಿಸುತ್ತಿದ್ದಾಗ, ಸುಮ್ಮನೆ ನಿಂತಿದ್ದ 9 ಅಡಿಯ ರೋಬೋಟ್ ತೋಳು ಇದ್ದಕ್ಕಿದ್ದಂತೆ 180 ಡಿಗ್ರಿ ತಿರುಗಿತು. ಇನ್ನೊಂದೆಡೆ, ಸಾಧನಗಳ ಪಟ್ಟಿ ಮಾಡಲು ಕಳುಹಿಸಿದ ಪಿಂಗ್‌ನಿಂದ ಚಿಪ್ ತಯಾರಿಕೆಯ ವ್ಯವಸ್ಥೆ ಸ್ಥಗಿತಗೊಂಡು 50,000 ಡಾಲರ್ ಮೌಲ್ಯದ ವೇಫರ್‌ಗಳು (ಚಿಪ್ ರೂಪಿಸುವ ತೆಳು ಬಿಲ್ಲೆಗಳು) ಹಾಳಾದವು. 2006ರ ಆಗಸ್ಟ್‌ನಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಅಣುಸ್ಥಾವರದ ಮೂರನೇ ಘಟಕವನ್ನು ಸಿಬ್ಬಂದಿ ನಿಲ್ಲಿಸಬೇಕಾಯಿತು. ಜಾಲದಲ್ಲಿ ದಟ್ಟಣೆ ಮಿತಿಮೀರಿ ಪಂಪುಗಳ ನಿಯಂತ್ರಕಗಳು ಸ್ಪಂದಿಸುವುದನ್ನೇ ಬಿಟ್ಟಿದ್ದವು. ಇಷ್ಟು ನಾಜೂಕಾದ ಕಡೆ ಹೊಸದಾಗಿ ಒಂದು ಪ್ಯಾಕೆಟ್ ಸೇರಿಸುವುದಕ್ಕೂ ಬಲವಾದ ಕಾರಣ ಬೇಕು.

ಪ್ರತಿ ತೆಗೆಯಲು ಕೊಂಡಿಗೆ ಅಳವಡಿಸುವ ಫೈಬರ್ ಟ್ಯಾಪ್, ಅದರಲ್ಲಿ ಹರಿಯುವ ಬೆಳಕಿನ ಒಂದು ಪಾಲನ್ನು ಬೇರೆಡೆಗೆ ಹರಿಸುತ್ತದೆ. ಅದಕ್ಕೆ ವಿದ್ಯುತ್ ಬೇಕಿಲ್ಲ. ಜಾಲದ ಸಾಧನಗಳನ್ನು ಜೋಡಿಸುವ ಸ್ವಿಚ್‌ನಲ್ಲಿ ಸಂಚಾರದ ಪ್ರತಿ ಕೊಡುವ ಮಿರರ್ ಪೋರ್ಟ್ ಅಗ್ಗ, ಸ್ಥಾವರ ನಿಲ್ಲಿಸದೆ ತೆರೆಯಬಹುದು. ಆದರೆ ದಟ್ಟಣೆ ಹೆಚ್ಚಾದಾಗ ಪ್ಯಾಕೆಟ್‌ಗಳನ್ನು ಕೈಬಿಡುತ್ತದೆ, ಕೆಟ್ಟ ಫ್ರೇಮ್‌ಗಳನ್ನು (ದೋಷವುಳ್ಳ ದತ್ತಾಂಶದ ಕಟ್ಟುಗಳನ್ನು) ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಮುಖ್ಯ ಕೊಂಡಿಗಳಿಗೆ ವಾರ್ಷಿಕ ದುರಸ್ತಿಯ ವೇಳೆ ಟ್ಯಾಪ್ ಹಾಕಿಸಬೇಕು, ಉಳಿದೆಡೆ ಮಿರರ್ ಪೋರ್ಟ್ ನಡೆಯುತ್ತದೆ. ಈ ಜಾಲಗಳ ಸಂಚಾರ ಬಹುಮಟ್ಟಿಗೆ ದಿನವೂ ಒಂದೇ ಬಗೆಯದು: ಅದೇ ಯಂತ್ರ ಅದೇ ರಿಜಿಸ್ಟರನ್ನು (ನಿಯಂತ್ರಕ ಮೌಲ್ಯ ಇಟ್ಟುಕೊಳ್ಳುವ ಜಾಗ) ಅದೇ ಅಂತರದಲ್ಲಿ ಓದುತ್ತಿರುತ್ತದೆ. ಎಂದೂ ಇಲ್ಲದ ವಿಳಾಸದಿಂದ ಮಾಡ್‌ಬಸ್‌ನ (ನಿಯಂತ್ರಕಗಳೊಡನೆ ಮಾತನಾಡುವ ಪ್ರೋಟೊಕಾಲ್) 'ಬರೆ' ಆದೇಶ ಬಂದರೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ವಿರೋಧ

ತಂತಿಯ ಮೇಲೆ ಹರಿಯದ್ದು ಯಾವ ಟ್ಯಾಪಿಗೂ ಸಿಗುವುದಿಲ್ಲ. ಗುತ್ತಿಗೆದಾರರ ಲ್ಯಾಪ್‌ಟಾಪ್ ಯುಎಸ್‌ಬಿ ಕೇಬಲ್ ಮೂಲಕ ನೇರವಾಗಿ ಪಿಎಲ್‌ಸಿಯ ಪ್ರೋಗ್ರಾಂ ಬದಲಿಸಿದರೆ ಜಾಲಕ್ಕೆ ಸುಳಿವೇ ಇರದು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ಇರಾನಿನ ನತಾನ್ಜ್ ಯುರೇನಿಯಂ ಸ್ಥಾವರದಲ್ಲಿ ಪಿಎಲ್‌ಸಿಗಳೊಳಗಿನ ಪ್ರೋಗ್ರಾಮನ್ನೇ ತಿದ್ದಿತು. ಎಂಜಿನಿಯರ್ ಸೋಂಕು ತಗುಲಿದ ಕಂಪ್ಯೂಟರಿನಿಂದ ಅದನ್ನು ಓದಿದರೆ ತನ್ನ ತಿದ್ದುಪಡಿಯನ್ನು ಮರೆಮಾಚುತ್ತಿತ್ತು. ಸೋಂಕಿಲ್ಲದ ಬೇರೊಂದು ಯಂತ್ರ ಪಿಎಲ್‌ಸಿಯನ್ನೇ ವಿಚಾರಿಸಿ, ಉತ್ತರವನ್ನು ಮೂಲ ಪ್ರತಿಯೊಂದಿಗೆ ಹೋಲಿಸಬೇಕು. ಇಂಥ ಮೋಸವನ್ನು ಹೊರಗೆಳೆಯಲು ನನಗೆ ಕಾಣುವ ನೇರ ದಾರಿ ಅದೇ.

ರೋಬೋಟ್ ತೋಳಿನ ಪ್ರಸಂಗವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಲ್ಲಿ ನಡೆದದ್ದು ಸಿಕ್ಕ ಸಿಕ್ಕ ಬಾಗಿಲನ್ನೆಲ್ಲ ಕುರುಡಾಗಿ ತಟ್ಟುವ ಕೆಲಸ. ತಯಾರಕರದೇ ಪ್ರೋಟೊಕಾಲ್‌ನಲ್ಲಿ, ಎಂಜಿನಿಯರಿಂಗ್ ತಂತ್ರಾಂಶ ಎಂದಿನಂತೆ ಕೇಳುವ ಪ್ರಶ್ನೆಯನ್ನೇ, ಮೊದಲು ಬಿಡಿ ಸಾಧನದ ಮೇಲೆ ಪರೀಕ್ಷಿಸಿ, ಒಂದೊಂದಾಗಿ ಕೇಳುವುದು ಬೇರೆ. ನೆಚ್ಚಲಾಗದಷ್ಟು ಹಳೆಯ ಸಾಧನವಿದ್ದರೆ ಅದನ್ನು ಅದರ ಪಾಡಿಗೆ ಬಿಡೋಣ.

2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರ ಟ್ರೈಕಾನೆಕ್ಸ್ ಸುರಕ್ಷತಾ ನಿಯಂತ್ರಕಗಳ (ಅಪಾಯ ಕಂಡಾಗ ಸ್ಥಾವರ ನಿಲ್ಲಿಸುವ ಸಾಧನಗಳ) ಮೇಲೆ ಟ್ರೈಟನ್ ಎಂಬ ಕುತಂತ್ರಾಂಶದ ದಾಳಿ ನಡೆಯಿತು. ನಿಯಂತ್ರಕದ ಕೀಲಿಯನ್ನು ಪ್ರೋಗ್ರಾಂ ಬದಲಿಸಲು ಅವಕಾಶ ಕೊಡುವ 'ಪ್ರೋಗ್ರಾಂ' ಸ್ಥಾನದಲ್ಲೇ ಬಿಟ್ಟಿದ್ದರಿಂದ ದಾಳಿಕೋರರು ತಮ್ಮ ಕೋಡನ್ನು ಒಳಸೇರಿಸಿದರು. ಕೀಲಿ ಯಾವ ಸ್ಥಾನದಲ್ಲಿದೆ ಎಂದು ಯಾರೂ ವಿಚಾರಿಸದ ಜಾಲದಲ್ಲಿ, ಆಲಿಸುತ್ತ ಕುಳಿತವರಿಗೆ ಆ ಸಂಗತಿ ತಿಳಿಯುವ ಬಗೆಯೇ ಇಲ್ಲ.