ಹೀಟರ್ ಬೈಪಾಸ್ ಮರೆಯಬೇಡಿ

ನೀರಿನ ಟ್ಯಾಂಕ್ ಖಾಲಿ ಮಾಡಿ ನಲ್ಲಿ ತೆರೆದಿಟ್ಟರೆ ಆರ್‌ವಿ (ಒಳಗೇ ಮನೆಯಂತೆ ವಾಸಿಸಬಹುದಾದ ಪ್ರವಾಸಿ ವಾಹನ) ಹೆಪ್ಪುಗಟ್ಟಿಸುವ ಚಳಿಗಾಲಕ್ಕೆ ಸಿದ್ಧ ಎಂದು ಒಂದು ಲೇಖನದಲ್ಲಿ ಓದಿದೆ. ಅಷ್ಟು ಸಾಲದು. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಪಂಪಿನೊಳಗೆ, ಹೊರಗಿನ ಶವರ್ ಪೈಪಿನಲ್ಲಿ ಚೂರು ನೀರು ಉಳಿದರೂ ಬಿರುಕು ಬಿಡಬಹುದು. ಅದಕ್ಕೇ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ (ಪೈಪು ಹೆಪ್ಪುಗಟ್ಟಿ ಒಡೆಯದಂತೆ ಕಾಯುವ ದ್ರವ) ಹಾಕುವುದು. ಕಾರಿನ ರೇಡಿಯೇಟರ್‌ಗೆ ಹಾಕುವ ಆಂಟಿಫ್ರೀಜ್ ಇಲ್ಲಿ ಬೇಡವೇ ಬೇಡ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಇದು ಕುಡಿಯುವ ನೀರಿನ ಪೈಪು ಅಲ್ವಾ!

ಅದಕ್ಕೂ ಮೊದಲು ವಾಟರ್ ಹೀಟರ್ ಆರಿಸಿ, ತಣ್ಣಗಾದ ಮೇಲೆ ಖಾಲಿ ಮಾಡಿ, ದ್ರವ ಹೀಟರ್ ಒಳಗೆ ಹೋಗದೆ ಪಕ್ಕದಿಂದ ಹಾದುಹೋಗುವಂತೆ ಬೈಪಾಸ್ ವಾಲ್ವ್ ತಿರುಗಿಸಿ. ಇಲ್ಲದಿದ್ದರೆ 6 ಗ್ಯಾಲನ್ ಹೀಟರ್ ತುಂಬಲು ಸುಮ್ನೆ 20 ಲೀಟರಿಗೂ ಜಾಸ್ತಿ ಆಂಟಿಫ್ರೀಜ್ ದಂಡ. ಆಮೇಲೆ ಪೈಪಿಗೆ ಆಂಟಿಫ್ರೀಜ್ ಹರಿಸಿ, ಒಂದೊಂದೇ ನಲ್ಲಿ, ಬಿಸಿನೀರಿನದೂ ತಣ್ಣೀರಿನದೂ, ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಸಿಂಕ್ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಸುರಿಯಿರಿ.